ಸಾಲ ಮಂಜೂರಾಯಿತು, ವಿಮೆ ಸಿಗಲಿಲ್ಲ: ಅಮೆರಿಕದಲ್ಲಿ ಮನೆ ಕೊಳ್ಳುವವರಿಗೆ ಗೃಹವಿಮೆಯ ಮಾರ್ಗದರ್ಶಿ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರ ನಡುವೆ ಬಡ್ಡಿದರದ ಮಾತು ಮುಗಿಯುವುದೇ ಇಲ್ಲ. ಕಾಲು ಶೇಕಡಾ ಹೆಚ್ಚೋ ಕಡಿಮೆಯೋ ಎಂದು ವಾರಗಟ್ಟಲೆ ಲೆಕ್ಕ ಹಾಕುತ್ತಾರೆ. ಶಾಲೆ ಹೇಗಿದೆ, ಬಾಗಿಲು ಪೂರ್ವಕ್ಕಿದೆಯೇ, ಇಂಡಿಯನ್ ಸ್ಟೋರ್ ಎಷ್ಟು ದೂರ, ಎಲ್ಲವೂ ಚರ್ಚೆಗೆ ಬರುತ್ತವೆ. ಗೃಹವಿಮೆಯ ಸರದಿ ಬರುವುದು ಕ್ಲೋಸಿಂಗ್‌ಗೆ, ಅಂದರೆ ಕೊನೆಯ ಸಹಿ ಹಾಕಿ ಮನೆ ನಿಮ್ಮದಾಗುವ ದಿನಕ್ಕೆ, ಒಂದು ವಾರ ಉಳಿದಾಗ, ಅದೂ ‘ವಿಮೆಯ ಕಾಗದ ಇನ್ನೂ ಬಂದಿಲ್ಲ’ ಎಂದು ಲೋನ್ ಆಫೀಸರ್ ಇಮೇಲ್ ಕಳಿಸಿದ ಮೇಲೆ. ಅಲ್ಲಿಂದ ಓಡಾಟ ಶುರು. ಕ್ಲೋಸಿಂಗ್ ಮುಂದಕ್ಕೆ ಹೋಗುತ್ತದೆ, ಬಡ್ಡಿದರ ಏರದಂತೆ ಹಿಡಿದಿಟ್ಟ ಲಾಕ್ ಅವಧಿ ಮುಗಿಯುತ್ತದೆ, ಇತ್ತ ಬಾಡಿಗೆ ಮನೆಯ ಮಾಲೀಕರು ಕೀಲಿಕೈ ಕೇಳುತ್ತಾರೆ.

ಊರಿನ ಅನುಭವ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಗೃಹಸಾಲ ಪಡೆದವರಿಗೆ ವಿಮೆ ಎಂದರೆ ಬ್ಯಾಂಕಿನವರು ಸಾಲದ ಕಾಗದಗಳ ನಡುವೆ ಸೇರಿಸಿ ಸಹಿ ಹಾಕಿಸಿಕೊಳ್ಳುವ ಇನ್ನೊಂದು ಅರ್ಜಿ. ಅಮೆರಿಕದಲ್ಲಿ ಮನೆಗೆ ವಿಮೆ ಇದೆ ಎಂಬ ಲಿಖಿತ ಪುರಾವೆ ಕೈಸೇರದೆ ಸಾಲದ ಹಣ ಬಿಡುಗಡೆಯಾಗುವುದಿಲ್ಲ. ವಿಮಾ ಕಂಪನಿಗೆ ಆ ಮನೆಯೇ ಬೇಡವಾದರೆ, ನಿಮ್ಮ ಸಂಬಳ, ಕ್ರೆಡಿಟ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮನೆ ಇಷ್ಟವಾದ ದಿನವೇ ವಿಮೆಯ ವಿಚಾರಣೆಯೂ ಶುರುವಾಗಬೇಕು.

ಆಫರ್ ಬರೆಯುವ ಮೊದಲೇ ವಿಳಾಸ ಕೊಟ್ಟು ವಿಚಾರಿಸಿ

ಓಪನ್ ಹೌಸ್ ನೋಡಿ ಬಂದ ಸಂಜೆಯೇ ಮನೆಯ ವಿಳಾಸವನ್ನು ಇಬ್ಬರಿಗಾದರೂ ಕಳಿಸಿ. ಒಬ್ಬರು ನಿಮ್ಮ ಕಾರಿನ ವಿಮೆ ನೋಡಿಕೊಳ್ಳುವ ಕಂಪನಿಯವರಾಗಿರಲಿ; ಎರಡೂ ವಿಮೆ ಒಂದೇ ಕಡೆ ಮಾಡಿಸಿದರೆ ರಿಯಾಯಿತಿ ಸಿಗುವುದುಂಟು. ಇನ್ನೊಬ್ಬರು ಹಲವು ಕಂಪನಿಗಳ ಪಾಲಿಸಿ ಮಾರುವ ಸ್ವತಂತ್ರ ಏಜೆಂಟ್ ಆಗಿರಲಿ. ಒಂದೇ ಕಂಪನಿಯ ಏಜೆಂಟ್ ‘ಆಗುವುದಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಸ್ವತಂತ್ರ ಏಜೆಂಟ್ ಆದರೆ ಮುಂದಿನ ಕಂಪನಿಯ ಬಾಗಿಲು ತಟ್ಟುತ್ತಾರೆ.

ಅವರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ: ಮನೆ ಕಟ್ಟಿದ ವರ್ಷ, ಛಾವಣಿ ಹಾಕಿದ ವರ್ಷ ಮತ್ತು ಅದು ಯಾವುದರದ್ದು, ವಿದ್ಯುತ್ ಪ್ಯಾನೆಲ್ ಮತ್ತು ನೀರಿನ ಕೊಳವೆ ಎಷ್ಟು ಹಳೆಯವು, ಈಜುಕೊಳ ಇದೆಯೇ, ನಾಯಿ ಇದ್ದರೆ ಯಾವ ತಳಿ. ಉತ್ತರ ಗೊತ್ತಿಲ್ಲದಿದ್ದರೆ ಮಾರುವವರ ಏಜೆಂಟ್‌ನಿಂದ ಕೇಳಿ ತಿಳಿಯಿರಿ, ಊಹಿಸಿ ಹೇಳಬೇಡಿ. ಛಾವಣಿಗೆ ಹತ್ತು ವರ್ಷ ಎಂದು ಹೇಳಿ ಪಡೆದ ದರ, ಅದಕ್ಕೆ ಇಪ್ಪತ್ತೆರಡು ವರ್ಷ ಎಂದು ತಿಳಿದ ಕ್ಷಣ ಬಿದ್ದುಹೋಗುತ್ತದೆ.

ಮಾರುವವರಿಂದ ಕೇಳಿ ಪಡೆಯಬೇಕಾದ ಒಂದು ಕಾಗದವಿದೆ, ಅದರ ಹೆಸರು ‘ಕ್ಲೂ’ ವರದಿ. ಲೆಕ್ಸಿಸ್‌ನೆಕ್ಸಿಸ್ ಸಂಸ್ಥೆ ಇಟ್ಟುಕೊಂಡಿರುವ ಈ ದಾಖಲೆಯಲ್ಲಿ ಆ ಮನೆಯ ಮೇಲೆ ಕಳೆದ 7 ವರ್ಷಗಳಲ್ಲಿ ವರದಿಯಾದ ಕ್ಲೇಮ್‌ಗಳು ಇರುತ್ತವೆ. ಮನೆಯ ಮಾಲೀಕರು ವರ್ಷಕ್ಕೊಮ್ಮೆ ಇದನ್ನು ಉಚಿತವಾಗಿ ತರಿಸಿಕೊಳ್ಳಬಹುದು. ನೀವು ನೇರವಾಗಿ ತರಿಸುವಂತಿಲ್ಲ. ಎರಡು ಬಾರಿ ನೀರು ಸೋರಿ ಕ್ಲೇಮ್ ಆಗಿದ್ದರೆ ತಪ್ಪು ಹಳೆಯ ಮಾಲೀಕರದ್ದಾದರೂ ದರದ ಬಿಸಿ ತಟ್ಟುವುದು ನಿಮಗೆ. ಮಾರುವವರು ಕೊಡಲು ಹಿಂದೇಟು ಹಾಕಿದರೆ ಅದನ್ನೂ ಒಂದು ಉತ್ತರವೆಂದೇ ಎಣಿಸಿ.

‘ಅವರಿಗೆ ವಿಮೆ ಇದೆಯಲ್ಲ, ನಮಗೂ ಸಿಗುತ್ತದೆ’ ಎಂಬ ಸಮಾಧಾನ ಬೇಡ. ಹಳೆಯ ಗ್ರಾಹಕರನ್ನು ಉಳಿಸಿಕೊಂಡು ಹೊಸಬರಿಗೆ ಬಾಗಿಲು ಹಾಕುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿ 2023ರ ಮೇ ತಿಂಗಳಲ್ಲಿ ಹೊಸ ಗೃಹವಿಮೆ ಅರ್ಜಿಗಳನ್ನು ನಿಲ್ಲಿಸಿತು. 2024ರ ಮಾರ್ಚ್‌ನಲ್ಲಿ ಸುಮಾರು 72,000 ಮನೆ ಮತ್ತು ಅಪಾರ್ಟ್‌ಮೆಂಟ್ ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದು ಪ್ರಕಟಿಸಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿ ಸಾವಿರಾರು ಮನೆಗಳನ್ನು ಸುಟ್ಟ ಮೇಲೆ ಪರಿಸ್ಥಿತಿ ಇನ್ನೂ ಬಿಗಿಯಾಯಿತು. ಇತ್ತ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಸನ್ನಿವೇಲ್‌ನ ಸಮತಟ್ಟು ಬೀದಿಯ ಮನೆಗೂ ಸಾರಟೋಗದ ಗುಡ್ಡದ ಅಂಚಿನ ಮನೆಗೂ ಕಾರಿನಲ್ಲಿ ಕೆಲವೇ ನಿಮಿಷಗಳ ದೂರ. ವಿಮೆಯವರ ನಕ್ಷೆಯಲ್ಲಿ ಅವೆರಡೂ ಬೇರೆ ಬೇರೆ ಲೋಕ.

ಯಾರೂ ಒಪ್ಪದಿದ್ದಾಗ ಕ್ಯಾಲಿಫೋರ್ನಿಯಾದಲ್ಲಿ ಉಳಿಯುವುದು 1968ರಿಂದ ಇರುವ ಫೇರ್ ಪ್ಲ್ಯಾನ್ ಎಂಬ ಕೊನೆಯ ಆಸರೆಯ ವಿಮಾ ಯೋಜನೆ. ಮನೆಗೆ 30 ಲಕ್ಷ ಡಾಲರ್‌ವರೆಗೆ ರಕ್ಷಣೆ ಕೊಡುತ್ತದೆ, ಆದರೆ ಮುಖ್ಯವಾಗಿ ಬೆಂಕಿ, ಸಿಡಿಲು, ಹೊಗೆಯಂಥ ಅಪಾಯಗಳಿಗೆ ಮಾತ್ರ. ಕೊಳವೆ ಒಡೆದು ನೀರು ನುಗ್ಗಿದರೆ, ಕಳ್ಳತನವಾದರೆ, ನಿಮ್ಮ ಮೆಟ್ಟಿಲಿನಲ್ಲಿ ಯಾರಾದರೂ ಜಾರಿ ಬಿದ್ದು ದಾವೆ ಹೂಡಿದರೆ ಅದು ಉಪಯೋಗಕ್ಕಿಲ್ಲ. ಆ ಕೊರತೆ ತುಂಬಲು ‘ಡಿಫರೆನ್ಸ್ ಇನ್ ಕಂಡಿಷನ್ಸ್’ ಎಂಬ ಇನ್ನೊಂದು ಪಾಲಿಸಿ ಬೇಕು. ಸಾಲ ಕೊಡುವವರು ಎರಡರ ಕಾಗದವನ್ನೂ ಕೇಳುವುದುಂಟು. ಎರಡು ಅರ್ಜಿ, ಎರಡು ಕಂಪನಿ, ಎರಡು ಕಡೆ ಕಾಯುವಿಕೆ. ಫೇರ್ ಪ್ಲ್ಯಾನ್‌ಗೆ ಹೋಗಬೇಕಾದೀತು ಎಂಬ ಸುಳಿವು ಸಿಕ್ಕ ತಕ್ಷಣ ಏಜೆಂಟ್‌ಗೆ ಹೇಳಿ ಎರಡನ್ನೂ ಒಟ್ಟಿಗೆ ಶುರು ಮಾಡಿಸಿ.

ಒಪ್ಪಂದದಲ್ಲಿ ವಿಮೆಗೂ ಜಾಗವಿರಲಿ

ಆಫರ್ ಬರೆಯುವಾಗ ಸಾಲ ಸಿಗದಿದ್ದರೆ, ಅಪ್ರೈಸಲ್ (ಸಾಲದಾತರು ಮಾಡಿಸುವ ಮನೆಯ ಬೆಲೆಯ ಅಂದಾಜು) ಕಡಿಮೆ ಬಂದರೆ ಹಿಂದೆ ಸರಿಯುವ ಷರತ್ತುಗಳಿರುತ್ತವೆ. ‘ಒಪ್ಪಿಕೊಳ್ಳಬಹುದಾದ ದರದಲ್ಲಿ ವಿಮೆ ಸಿಗಬೇಕು’ ಎಂಬ ಷರತ್ತನ್ನೂ ಸೇರಿಸಲು ನಿಮ್ಮ ರಿಯಲ್ ಎಸ್ಟೇಟ್ ಏಜೆಂಟ್‌ಗೆ ಹೇಳಿ. ಕ್ಯಾಲಿಫೋರ್ನಿಯಾದ ಪ್ರಮಾಣಿತ ಒಪ್ಪಂದದಲ್ಲಿ ಪರಿಶೀಲನೆಗೆ ಸಾಮಾನ್ಯವಾಗಿ 17 ದಿನಗಳಿರುತ್ತವೆ. ಟೆಕ್ಸಾಸ್‌ನಲ್ಲಿ ಸಣ್ಣ ಶುಲ್ಕ ಕೊಟ್ಟು ಪಡೆಯುವ ‘ಆಪ್ಷನ್ ಅವಧಿ’ ಅದಕ್ಕಿಂತ ಚಿಕ್ಕದು. ಆ ಅವಧಿ ಮುಗಿಯುವುದರೊಳಗೆ ಬರವಣಿಗೆಯಲ್ಲಿ ವಿಮೆಯ ಕೋಟ್, ಅಂದರೆ ಕಂಪನಿ ಹೇಳುವ ದರ, ಕೈಯಲ್ಲಿರಬೇಕು. ಪೈಪೋಟಿ ಹೆಚ್ಚಿರುವ ಕಡೆ ಷರತ್ತುಗಳನ್ನೆಲ್ಲ ಬಿಟ್ಟುಕೊಡಿ ಎಂದು ಏಜೆಂಟ್‌ಗಳು ಒತ್ತಾಯಿಸುತ್ತಾರೆ. ವಿಮೆಯ ಕೋಟ್ ಮೊದಲೇ ಇದ್ದರೆ ಬಿಟ್ಟುಕೊಡುವುದಕ್ಕೂ ಧೈರ್ಯ ಬರುತ್ತದೆ; ಇಲ್ಲದೆ ಬಿಟ್ಟುಕೊಟ್ಟರೆ ಮುಂಗಡ ಹಣವೇ ಅಪಾಯದಲ್ಲಿರುತ್ತದೆ.

ಪ್ರೀಮಿಯಂ ಸಾಲದ ಲೆಕ್ಕವನ್ನೇ ಕೆಡಿಸುವ ಬಗೆ

ಇದು ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ನೀವು ಎಷ್ಟು ಸಾಲ ತಾಳಿಕೊಳ್ಳಬಲ್ಲಿರಿ ಎಂದು ಅಳೆಯುವಾಗ ಸಾಲದಾತರು ಅಸಲು, ಬಡ್ಡಿ, ಆಸ್ತಿ ತೆರಿಗೆ, ವಿಮೆ ಎಲ್ಲವನ್ನೂ ಕೂಡಿಸುತ್ತಾರೆ. ಸಾಲದ ಪೂರ್ವಾನುಮತಿ ಪತ್ರ ಕೊಡುವಾಗ ಮನೆಯೇ ಗೊತ್ತಿರುವುದಿಲ್ಲವಾದ್ದರಿಂದ ವಿಮೆಗೆ ಒಂದು ಅಂದಾಜು ಮೊತ್ತ ಹಾಕಿರುತ್ತಾರೆ.

ಒಂದು ಕಲ್ಪಿತ ಲೆಕ್ಕ ನೋಡಿ. ತೆರಿಗೆಗೆ ಮುಂಚಿನ ತಿಂಗಳ ಆದಾಯ 12,000 ಡಾಲರ್. ಅಸಲು ಬಡ್ಡಿ 4,100, ಆಸ್ತಿ ತೆರಿಗೆ 800, ಕಾರಿನ ಕಂತು 300, ವಿಮೆಗೆ ಅಂದಾಜು 150. ಒಟ್ಟು 5,350, ಅಂದರೆ ಆದಾಯದ ಶೇಕಡಾ 44.6. ಸಾಲದಾತರು 45ಕ್ಕೆ ಗೆರೆ ಎಳೆದಿದ್ದರೆ ಸ್ವಲ್ಪದರಲ್ಲಿ ಪಾರು. ಈಗ ನಿಜವಾದ ವಿಮೆ ವರ್ಷಕ್ಕೆ 6,600 ಡಾಲರ್ ಎಂದು ಬಂತು ಎನ್ನಿ. ತಿಂಗಳಿಗೆ 550 ಆಯಿತು; ಒಟ್ಟು 5,750, ಶೇಕಡಾ 47.9. ಸಂಬಳ ಬದಲಾಗಿಲ್ಲ, ಬಡ್ಡಿ ಬದಲಾಗಿಲ್ಲ, ಆದರೂ ಕಡತ ಸಾಲಕ್ಕೆ ಅಂತಿಮ ಒಪ್ಪಿಗೆ ಕೊಡುವ ಅಂಡರ್‌ರೈಟರ್ ಮೇಜಿಗೆ ವಾಪಸ್. ಆಗ ಕಾರಿನ ಸಾಲ ತೀರಿಸಿ, ಡೌನ್ ಪೇಮೆಂಟ್ ಹೆಚ್ಚಿಸಿ ಎಂಬ ಮಾತುಗಳು ಬರುತ್ತವೆ, ಊರಿನಲ್ಲಿರುವ ಎಫ್‌ಡಿ ಮುರಿಸುವ ಯೋಚನೆಯೂ ಬರುತ್ತದೆ. ಅದಕ್ಕೇ ಮೊದಲ ಕೋಟ್ ಬಂದ ದಿನವೇ ಲೋನ್ ಆಫೀಸರ್‌ಗೆ ಕಳಿಸಿ, ‘ಈ ಮೊತ್ತ ಹಾಕಿ ಇನ್ನೊಮ್ಮೆ ಲೆಕ್ಕ ನೋಡಿ’ ಎನ್ನಿ. ಸಾಮಾನ್ಯವಾಗಿ ಕ್ಲೋಸಿಂಗ್ ಹೊತ್ತಿಗೆ ಮೊದಲ ವರ್ಷದ ಪ್ರೀಮಿಯಂ ಪೂರ್ತಿ, ಅದರ ಮೇಲೆ ಎಸ್ಕ್ರೋ ಖಾತೆಗೆ (ತೆರಿಗೆ, ವಿಮೆ ಕಟ್ಟಲೆಂದು ಸಾಲದ ಕಂಪನಿ ನಿಮ್ಮ ಹಣ ಇಟ್ಟುಕೊಳ್ಳುವ ಖಾತೆ) ಇನ್ನೂ ಕೆಲವು ತಿಂಗಳ ಮೊತ್ತ ಕಟ್ಟಬೇಕಾಗುತ್ತದೆ ಎಂಬುದೂ ನೆನಪಿರಲಿ.

ಪ್ರೀಮಿಯಂ ಇಳಿಸಲು ಡಿಡಕ್ಟಿಬಲ್ (ನಷ್ಟವಾದಾಗ ಮೊದಲು ನೀವೇ ಭರಿಸಬೇಕಾದ ಮೊತ್ತ) ಏರಿಸುವ ಉಪಾಯಕ್ಕೂ ಮಿತಿಯಿದೆ. ಗೃಹಸಾಲಗಳನ್ನು ಬ್ಯಾಂಕುಗಳಿಂದ ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಪ್ರಕಾರ ಹೋಗುವ ಸಾಲಗಳಲ್ಲಿ ಡಿಡಕ್ಟಿಬಲ್ ವಿಮಾ ಮೊತ್ತದ ಶೇಕಡಾ 5ನ್ನು ಮೀರುವಂತಿಲ್ಲ. ಟೆಕ್ಸಾಸ್‌ನಲ್ಲಿ ಗಾಳಿ ಮತ್ತು ಆಲಿಕಲ್ಲಿಗೆ ಪ್ರತ್ಯೇಕ ಡಿಡಕ್ಟಿಬಲ್ ಇರುತ್ತದೆ, ಅದನ್ನು ಶೇಕಡಾವಾರಿನಲ್ಲಿ ಬರೆದಿರುತ್ತಾರೆ. 5 ಲಕ್ಷ ಡಾಲರ್ ವಿಮೆಗೆ ಶೇಕಡಾ 2 ಎಂದರೆ ಆಲಿಕಲ್ಲು ಬಿದ್ದ ದಿನ ನಿಮ್ಮ ಜೇಬಿನಿಂದ ಮೊದಲ 10,000 ಡಾಲರ್ ಎಂದರ್ಥ. ಡಲ್ಲಾಸ್ ಸುತ್ತಮುತ್ತ ಮನೆ ಕೊಳ್ಳುವವರು ಈ ಸಾಲನ್ನು ಎರಡು ಸಲ ಓದಬೇಕು.

ಇನ್‌ಸ್ಪೆಕ್ಷನ್ ವರದಿಯನ್ನು ವಿಮೆಯವರ ಕಣ್ಣಿನಿಂದ ಓದಿ

ಮನೆ ನೋಡುವಾಗ ನಮ್ಮ ಕಣ್ಣು ಅಡುಗೆಮನೆಯ ಗ್ರಾನೈಟ್ ಮೇಲೆ, ದೇವರಕೋಣೆಗೆ ಜಾಗವಿದೆಯೇ ಎಂಬುದರ ಮೇಲೆ. ವಿಮೆಯವರು ನೋಡುವುದು ಗ್ಯಾರೇಜಿನ ಮೂಲೆಯ ಬೂದು ಬಣ್ಣದ ವಿದ್ಯುತ್ ಪೆಟ್ಟಿಗೆ. ಅದರ ಮುಚ್ಚಳ ತೆರೆದಾಗ ‘ಫೆಡರಲ್ ಪೆಸಿಫಿಕ್’ ಅಥವಾ ‘ಜಿನ್ಸ್ಕೊ’ ಎಂದು ಬರೆದಿದ್ದರೆ ಹಲವು ಕಂಪನಿಗಳು ಅಲ್ಲಿಂದಲೇ ಹಿಂದಿರುಗುತ್ತವೆ. ಓವರ್‌ಲೋಡ್ ಆದಾಗ ಬ್ರೇಕರ್ ಬೀಳದೆ ಬೆಂಕಿ ಹೊತ್ತಿಕೊಳ್ಳಬಹುದು ಎಂಬ ಕುಖ್ಯಾತಿ ಇವಕ್ಕಿದೆ. 1960ರ ದಶಕದ ಕೊನೆ, 1970ರ ಆರಂಭದ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಇರಬಹುದು. 1978ರಿಂದ 1995ರ ನಡುವೆ ಕಟ್ಟಿದ ಮನೆಯಾದರೆ ವಾಟರ್ ಹೀಟರ್ ಬಳಿಯ ಕೊಳವೆಗಳನ್ನು ನೋಡಿ. ಬಾಗುವ, ಬೂದು ಬಣ್ಣದ ಪ್ಲಾಸ್ಟಿಕ್ ಕೊಳವೆ ಕಂಡರೆ ಅದು ಪಾಲಿಬ್ಯುಟಿಲೀನ್ ಇರಬಹುದು. ಸೋರುವುದಕ್ಕೆ ಹೆಸರಾದ ಕೊಳವೆ ಅದು.

ಇವು ಮನೆಯನ್ನು ಬಿಟ್ಟುಬಿಡಬೇಕಾದ ದೋಷಗಳಲ್ಲ. ಪ್ಯಾನೆಲ್ ಬದಲಿಸುವುದು ಒಂದೆರಡು ದಿನದ ಕೆಲಸ. ಆದರೆ ಎಲೆಕ್ಟ್ರಿಷಿಯನ್ ಸಿಗಬೇಕು, ಪರ್ಮಿಟ್ ಬರಬೇಕು, ಅದರ ಮೇಲೆ ನಗರಸಭೆಯ ಪರಿಶೀಲನೆ. ಹಾಗಾಗಿ ಇನ್‌ಸ್ಪೆಕ್ಷನ್ ವರದಿ ಬಂದ ದಿನವೇ ಸಂಬಂಧಪಟ್ಟ ಪುಟಗಳನ್ನು ಫೋಟೊಗಳ ಸಮೇತ ವಿಮಾ ಏಜೆಂಟ್‌ಗೆ ಕಳಿಸಿ, ‘ಇವುಗಳಲ್ಲಿ ಯಾವುದನ್ನು ಕ್ಲೋಸಿಂಗ್‌ಗೆ ಮುಂಚೆ ಸರಿಪಡಿಸಲೇಬೇಕು, ಯಾವುದಕ್ಕೆ ಆಮೇಲೆ ಸಮಯ ಕೊಡುತ್ತೀರಿ?’ ಎಂದು ಬರವಣಿಗೆಯಲ್ಲೇ ಕೇಳಿ. ಆ ಉತ್ತರ ಕೈಯಲ್ಲಿದ್ದರೆ ಮಾರುವವರ ಜೊತೆ ಚೌಕಾಶಿಗೂ ಆಧಾರ ಸಿಗುತ್ತದೆ: ‘ನಮಗೆ ಇಷ್ಟವಿಲ್ಲ’ ಎನ್ನುವುದಕ್ಕಿಂತ ‘ಇದನ್ನು ಬದಲಿಸದಿದ್ದರೆ ಈ ಮನೆಗೆ ವಿಮೆಯೇ ಸಿಗುವುದಿಲ್ಲ’ ಎನ್ನುವ ಮಾತಿಗೆ ತೂಕ ಹೆಚ್ಚು.

ಫ್ಲಾರಿಡಾದಲ್ಲಿ ಹಳೆಯ ಮನೆಗಳಿಗೆ ಇದಕ್ಕಾಗಿಯೇ ಬೇರೆ ವರದಿ ಇದೆ, ಹೆಸರು ‘ಫೋರ್ ಪಾಯಿಂಟ್’: ಛಾವಣಿ, ವಿದ್ಯುತ್, ಕೊಳವೆ, ಹವಾನಿಯಂತ್ರಣ. ಜೊತೆಗೆ ‘ವಿಂಡ್ ಮಿಟಿಗೇಷನ್’ ವರದಿಯನ್ನೂ ಅದೇ ಇನ್‌ಸ್ಪೆಕ್ಟರ್ ಕೈಯಲ್ಲಿ ಮಾಡಿಸಿ; ಛಾವಣಿಯನ್ನು ಗೋಡೆಗೆ ಹೇಗೆ ಬಿಗಿದಿದ್ದಾರೆ, ಕಿಟಕಿಗೆ ರಕ್ಷಣೆ ಇದೆಯೇ ಎಂಬುದನ್ನು ನೋಡಿ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತಾರೆ. ಛಾವಣಿ 15 ವರ್ಷಕ್ಕಿಂತ ಹೊಸದಾಗಿದ್ದರೆ ಅದರ ವಯಸ್ಸೊಂದನ್ನೇ ಕಾರಣ ಮಾಡಿ ವಿಮೆ ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಆ ರಾಜ್ಯ ಕಾನೂನು ಮಾಡಿದೆ. ಅದಕ್ಕಿಂತ ಹಳೆಯದಾದರೂ ಇನ್ನು 5 ವರ್ಷ ಬಾಳುತ್ತದೆ ಎಂದು ಪರಿಶೀಲಕರು ಬರೆದುಕೊಟ್ಟರೆ ಅದೇ ರಕ್ಷಣೆ ಸಿಗುತ್ತದೆ.

ನೆರೆಹಾವಳಿಯ ನಕ್ಷೆ

ಸಾಮಾನ್ಯ ಗೃಹವಿಮೆಯಲ್ಲಿ ನೆರೆಹಾವಳಿ ಸೇರಿರುವುದಿಲ್ಲ. ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ನಕ್ಷೆಯಲ್ಲಿ ಮನೆ ಎ ಅಥವಾ ವಿ ಅಕ್ಷರದಿಂದ ಶುರುವಾಗುವ ವಲಯದಲ್ಲಿದ್ದರೆ, ಫೆಡರಲ್ ಬೆಂಬಲದ ಸಾಲಕ್ಕೆ ನೆರೆವಿಮೆ ಕಡ್ಡಾಯ. ನಕ್ಷೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ, ನೋಡಲು ಐದು ನಿಮಿಷ ಸಾಕು. ಫೆಡರಲ್ ಸರ್ಕಾರದ ನೆರೆವಿಮೆ ಯೋಜನೆಯಲ್ಲಿ ಒಂದು ಕುಟುಂಬದ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಒಳಗಿನ ವಸ್ತುಗಳಿಗೆ 1,00,000 ಡಾಲರ್ ರಕ್ಷಣೆ ಇದೆ. ಹೊಸ ಪಾಲಿಸಿ ಜಾರಿಗೆ ಬರಲು 30 ದಿನ ಕಾಯಬೇಕೆಂಬ ನಿಯಮ ಸಾಲಕ್ಕಾಗಿ ಕೊಳ್ಳುವಾಗ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಗಾಬರಿಯಾಗುವವರಿದ್ದಾರೆ.

ಈ ಯೋಜನೆಗೆ ಅಮೆರಿಕದ ಸಂಸತ್ತು ಆಗಾಗ ಅವಧಿ ವಿಸ್ತರಿಸಬೇಕು. 2025ರ ಅಕ್ಟೋಬರ್ 1ರಂದು ಸರ್ಕಾರ ಸ್ಥಗಿತಗೊಂಡಾಗ ಯೋಜನೆಯ ಅವಧಿಯೂ ಮುಗಿದು, ನವೆಂಬರ್ ನಡುಭಾಗದವರೆಗೆ ಹೊಸ ಪಾಲಿಸಿ ಕೊಡುವುದು ನಿಂತಿತು. ಅಂಥ ಹೊತ್ತಿನಲ್ಲಿ ಎರಡು ದಾರಿಗಳಿವೆ: ಖಾಸಗಿ ನೆರೆವಿಮೆ, ಅಥವಾ ಮಾರುವವರ ಚಾಲ್ತಿ ಪಾಲಿಸಿಯನ್ನೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವುದು. ಎರಡನೆಯದು ಹಲವರಿಗೆ ಹೊಳೆಯುವುದಿಲ್ಲ.

ಡಿಕ್ಲರೇಷನ್ಸ್ ಪುಟ: ಒಂದೊಂದು ಸಾಲನ್ನೂ ನೋಡಿ

ವಿಮೆ ಸಿಕ್ಕಿದ ಮೇಲೂ ತಡವಾಗುವುದು ಇಲ್ಲಿ. ಕೋಟ್ ಎಂದರೆ ಬರೀ ಬೆಲೆ. ‘ಬೈಂಡ್’ ಮಾಡಿದ, ಅಂದರೆ ಪಾಲಿಸಿಯನ್ನು ಖಚಿತಪಡಿಸಿದ ಮೇಲೆಯೇ ರಕ್ಷಣೆ. ಬೈಂಡ್ ಆದ ಮೇಲೆ ಬರುವ, ಪಾಲಿಸಿಯ ಸಾರಾಂಶವಿರುವ ಡಿಕ್ಲರೇಷನ್ಸ್ ಪುಟವನ್ನು ಏಜೆಂಟ್ ನೇರವಾಗಿ ಸಾಲದಾತರಿಗೆ ಕಳಿಸುತ್ತಾರೆ. ಅದರ ಒಂದು ಪ್ರತಿ ನಿಮಗೂ ಬರಲಿ, ಸಾಲದ ಕಾಗದದ ಪಕ್ಕದಲ್ಲಿಟ್ಟು ಓದಿ.

ಮೊದಲು ಹೆಸರು. ನಮ್ಮವರಿಗೆ ಇದೊಂದು ದೊಡ್ಡ ತಲೆನೋವು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವೇ ಬಿಡಿಸಿಕೊಂಡು ಉಪನಾಮವಾಗಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಅಮೆರಿಕದವರು ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಸೇರಿಸಿರುತ್ತಾರೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮತ್ತೊಂದು ಬಗೆ. ಕಾರಿನ ವಿಮೆಯಲ್ಲಿದ್ದ ಹೆಸರನ್ನೇ ಏಜೆಂಟ್ ಗೃಹವಿಮೆಗೂ ಹಾಕಿಬಿಟ್ಟರೆ ಸಾಲದ ಕಡತದ ಹೆಸರಿಗೆ ಹೊಂದುವುದಿಲ್ಲ. ಸಾಲದ ಅರ್ಜಿಯಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಗಂಡ ಹೆಂಡತಿ ಇಬ್ಬರೂ ಸಾಲಗಾರರಾಗಿದ್ದರೆ ಇಬ್ಬರದ್ದೂ ಇರಲಿ.

ಆಮೇಲೆ ಸಾಲದಾತರ ಹೆಸರಿರುವ ಮಾರ್ಟ್‌ಗೇಜಿ ಕ್ಲಾಸ್. ಸಾಲದ ಕಂಪನಿಯ ಪೂರ್ತಿ ಹೆಸರು, ಅದರ ಬಾಲಕ್ಕೆ ‘ಐಎಸ್‌ಎಒಎ’ ಎಂಬ ಅಕ್ಷರಗಳು (ಆ ಸಾಲ ಮುಂದೆ ಯಾರ ಕೈಗೆ ಹೋದರೂ ಹಕ್ಕು ಅವರಿಗೆ ಸಲ್ಲುತ್ತದೆ ಎಂದು ಇದರ ಅರ್ಥ), ವಿಮೆಗೆಂದೇ ಇರುವ ಅಂಚೆ ವಿಳಾಸ, ಲೋನ್ ಸಂಖ್ಯೆ. ಇದರಲ್ಲಿ ಒಂದು ಪದ ತಪ್ಪಿದರೂ ಕಾಗದ ವಾಪಸ್ ಬರುತ್ತದೆ. ಲೋನ್ ಆಫೀಸರ್ ಬಳಿ ಈ ಸಾಲುಗಳನ್ನು ಟೈಪ್ ಮಾಡಿಸಿ ತೆಗೆದುಕೊಂಡು ಏಜೆಂಟ್‌ಗೆ ಹಾಗೆಯೇ ಫಾರ್ವರ್ಡ್ ಮಾಡಿ, ಫೋನಿನಲ್ಲಿ ಹೇಳಿ ಬರೆಸಬೇಡಿ.

ಪಾಲಿಸಿ ಆರಂಭದ ದಿನಾಂಕ ಕ್ಲೋಸಿಂಗ್ ದಿನ ಅಥವಾ ಅದಕ್ಕೂ ಮುಂಚಿನದಾಗಿರಬೇಕು. ಆಷಾಢಕ್ಕೆ ಮೊದಲು ಆಗಲಿ ಎಂದು ಕ್ಲೋಸಿಂಗನ್ನು ಹಿಂದಕ್ಕೆ ತಂದಿದ್ದರೆ ವಿಮೆಯ ದಿನಾಂಕವನ್ನೂ ಬದಲಿಸಲು ಮರೆಯಬೇಡಿ. ಇನ್ನೊಂದು ಮಾತು: ಮುಹೂರ್ತ ಕೂಡಿ ಬಂತೆಂದು ಕ್ಲೋಸಿಂಗ್‌ಗೆ ಮುಂಚೆಯೇ ಕೀಲಿಕೈ ಕೇಳಿ ಹಾಲು ಉಕ್ಕಿಸುವ, ಹೋಮ ಮಾಡಿಸುವ ಸಾಹಸ ಬೇಡ. ಆ ದಿನ ಕಾನೂನಿನ ಪ್ರಕಾರ ಮನೆ ಇನ್ನೂ ಮಾರುವವರದ್ದು. ಏನಾದರೂ ಹೊತ್ತಿಕೊಂಡರೆ ನಿಮ್ಮ ಪಾಲಿಸಿಗೆ ಜೀವವೇ ಬಂದಿರುವುದಿಲ್ಲ.

ಕೊನೆಗೆ ವಿಮಾ ಮೊತ್ತ. ಬೇ ಏರಿಯಾದಲ್ಲಿ 20 ಲಕ್ಷ ಡಾಲರ್ ಮನೆಯ ಬೆಲೆಯಲ್ಲಿ ಬಹುಪಾಲು ನೆಲದ್ದು. ಕಟ್ಟಡವನ್ನು ಮತ್ತೆ ಕಟ್ಟಲು 7 ಲಕ್ಷ ಸಾಕು ಎಂದು ವಿಮೆಯವರು ಅಂದಾಜಿಸಬಹುದು. ಸಾಲ 15 ಲಕ್ಷ ಇರುವಾಗ ವಿಮೆ 7 ಲಕ್ಷವೇ ಎಂದು ಸಾಲದ ಕಚೇರಿಯ ಯಾರೋ ಕಡತ ನಿಲ್ಲಿಸುತ್ತಾರೆ. ನೆಲ ಸುಡುವುದಿಲ್ಲವಲ್ಲ! ಏಜೆಂಟ್‌ನಿಂದ ಪುನರ್‌ನಿರ್ಮಾಣ ವೆಚ್ಚದ ಅಂದಾಜು ಪತ್ರ ತರಿಸಿ ಕೊಡಿ. ಕಟ್ಟಡದ ಪುನರ್‌ನಿರ್ಮಾಣ ಬೆಲೆಗಿಂತ ಹೆಚ್ಚು ವಿಮೆ ಕೇಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ.

ಕಾಂಡೊ (ಸ್ವಂತಕ್ಕೆ ಕೊಳ್ಳುವ ಫ್ಲ್ಯಾಟ್) ಕೊಳ್ಳುವವರು ತಮ್ಮ ಪಾಲಿಸಿಯ ಜೊತೆಗೆ ಇಡೀ ಕಟ್ಟಡಕ್ಕೆ ನಿವಾಸಿಗಳ ಸಂಘ ಮಾಡಿಸಿದ ಮಾಸ್ಟರ್ ಪಾಲಿಸಿಯ ಕಾಗದವನ್ನೂ ಮೊದಲ ವಾರದಲ್ಲೇ ಕೇಳಬೇಕು. ಆ ಪಾಲಿಸಿಯಲ್ಲಿ ಕೊರತೆಯಿದ್ದರೆ ನೀವೊಬ್ಬರೇ ಏನೂ ಮಾಡಲಾಗುವುದಿಲ್ಲ.

ಆದರೂ ಕೊನೆಯ ವಾರದಲ್ಲಿ ಸಿಕ್ಕಿಕೊಂಡರೆ

ಮೊದಲು ಎಲ್ಲರಿಗೂ ತಿಳಿಸಿ: ಲೋನ್ ಆಫೀಸರ್, ನಿಮ್ಮ ರಿಯಲ್ ಎಸ್ಟೇಟ್ ಏಜೆಂಟ್, ಕ್ಲೋಸಿಂಗ್ ನಡೆಸಿಕೊಡುವ ಎಸ್ಕ್ರೋ ಅಥವಾ ಟೈಟಲ್ ಕಚೇರಿ. ಮುಚ್ಚಿಟ್ಟರೆ ಲಾಭವಿಲ್ಲ. ಸಾಲದ ಅಂತಿಮ ಲೆಕ್ಕವಿರುವ ಕ್ಲೋಸಿಂಗ್ ಡಿಸ್‌ಕ್ಲೋಷರ್ ಎಂಬ ಪತ್ರ ಸಹಿಗೆ ಕನಿಷ್ಠ 3 ಕೆಲಸದ ದಿನ ಮೊದಲು ನಿಮ್ಮ ಕೈ ಸೇರಿರಬೇಕು. ಪ್ರೀಮಿಯಂ ಬದಲಾದ ಮಾತ್ರಕ್ಕೆ ಆ ಮೂರು ದಿನ ಸಾಮಾನ್ಯವಾಗಿ ಮತ್ತೆ ಶುರುವಾಗುವುದಿಲ್ಲ, ತಿದ್ದಿದ ಪ್ರತಿ ಕೊಟ್ಟರೆ ಸಾಕು. ಹಾಗಾಗಿ ಎರಡು ದಿನ ಉಳಿದಿದ್ದರೂ ಕಂಪನಿ ಬದಲಿಸಲು ಸಾಧ್ಯ.

ಬಡ್ಡಿದರದ ಲಾಕ್ ಮುಗಿಯುವ ದಿನಾಂಕ, ವಿಸ್ತರಣೆಯ ಶುಲ್ಕ ಎರಡನ್ನೂ ಕೇಳಿಟ್ಟುಕೊಳ್ಳಿ. ಮಾರುವವರಿಗೆ ದಿನಕ್ಕಿಷ್ಟು ಎಂದು ಪರಿಹಾರ ಕೊಟ್ಟು ಕೆಲವು ದಿನ ಕೇಳುವುದು ಬಹಳ ಸಲ ವ್ಯವಹಾರ ಮುರಿಯುವುದಕ್ಕಿಂತ ಅಗ್ಗ. ಪ್ರಸಿದ್ಧ ಕಂಪನಿಗಳೆಲ್ಲ ಬೇಡವೆಂದರೆ ಸ್ವತಂತ್ರ ಏಜೆಂಟ್ ‘ಸರ್ಪ್ಲಸ್ ಲೈನ್ಸ್’ ಕಂಪನಿಯ (ಇತರರು ಒಪ್ಪದ ಅಪಾಯಗಳಿಗೂ ವಿಮೆ ಕೊಡುವ ಬಗೆಯದು) ಪಾಲಿಸಿ ತರಬಹುದು. ದುಬಾರಿ, ಮೇಲಾಗಿ ಅಂಥ ಕಂಪನಿ ಮುಳುಗಿದರೆ ರಾಜ್ಯದ ಗ್ಯಾರಂಟಿ ನಿಧಿಯ ಆಸರೆ ಸಾಮಾನ್ಯವಾಗಿ ಸಿಗುವುದಿಲ್ಲ. ಆ ಕಂಪನಿಯ ರೇಟಿಂಗ್ ಸಾಲದಾತರಿಗೆ ಒಪ್ಪಿಗೆಯೇ ಎಂದು ಬೈಂಡ್ ಮಾಡುವ ಮೊದಲೇ ಕೇಳಿ.

ಒಂದಕ್ಕೆ ಮಾತ್ರ ಮದ್ದಿಲ್ಲ. ಚಂಡಮಾರುತ ಸಮೀಪಿಸುವಾಗ, ಕಾಡ್ಗಿಚ್ಚು ಹತ್ತಿರದಲ್ಲಿ ಉರಿಯುವಾಗ ಕಂಪನಿಗಳು ಹೊಸ ಪಾಲಿಸಿ ಬೈಂಡ್ ಮಾಡುವುದನ್ನು ನಿಲ್ಲಿಸುತ್ತವೆ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಈ ತಿಂಗಳುಗಳಲ್ಲಿ ಫ್ಲಾರಿಡಾ, ಟೆಕ್ಸಾಸ್ ಕರಾವಳಿಯಲ್ಲಿ ಕ್ಲೋಸಿಂಗ್ ಇದ್ದರೆ ಎರಡು ಮೂರು ವಾರ ಮುಂಚೆಯೇ ಬೈಂಡ್ ಮಾಡಿಸಿಬಿಡಿ. ಆರಂಭದ ದಿನಾಂಕ ಮುಂದಿನದಾದರೂ ಚಿಂತೆಯಿಲ್ಲ.

ಕೀಲಿಕೈ ಸಿಕ್ಕ ಮೇಲೆ

ಪಾಲಿಸಿ ಶುರುವಾದ ಮೊದಲ ವಾರಗಳಲ್ಲಿ ವಿಮಾ ಕಂಪನಿ ಯಾರನ್ನಾದರೂ ಕಳಿಸಿ ಮನೆಯ ಹೊರಭಾಗದ ಫೋಟೊ ತೆಗೆಸುವುದುಂಟು. ಛಾವಣಿಗೆ ತಾಗುವ ಕೊಂಬೆ, ಮೆಟ್ಟಿಲಿಗೆ ಕಂಬಿ ಇಲ್ಲದಿರುವುದು, ಗೋಡೆಗೆ ಒರಗಿಸಿಟ್ಟ ಸೌದೆ, ಇಷ್ಟಕ್ಕೇ ನೋಟಿಸ್ ಬರಬಹುದು. ಹೇಳಿದ ಗಡುವಿನೊಳಗೆ ಸರಿಪಡಿಸಿ ಫೋಟೊ ಕಳಿಸಿ. ಪಾಲಿಸಿ ರದ್ದಾದರೆ ಸಾಲದಾತರೇ ತಮಗೆ ಬೇಕಾದ ವಿಮೆ ಮಾಡಿಸಿ ಅದರ ದುಬಾರಿ ಬಿಲ್ ನಿಮ್ಮ ಖಾತೆಗೆ ಹಾಕುತ್ತಾರೆ. ಹಾಗೆ ಹಾಕುವ ಮೊದಲು 45 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕೆಂಬ ಫೆಡರಲ್ ನಿಯಮವಿದೆ. ಹೊಸ ಮನೆಗೆ ಬರುವ ಜಾಹೀರಾತು ಪತ್ರಗಳ ರಾಶಿಯಲ್ಲಿ ಆ ಲಕೋಟೆ ಕಸದ ಬುಟ್ಟಿ ಸೇರದಂತೆ ನೋಡಿಕೊಳ್ಳಿ.

ಕೆಲವು ತಿಂಗಳಲ್ಲಿ ನಿಮ್ಮ ಸಾಲದ ನಿರ್ವಹಣೆ ಬೇರೆ ಕಂಪನಿಗೆ ವರ್ಗವಾಗುವ ಸಾಧ್ಯತೆ ಹೆಚ್ಚು. ಪತ್ರ ಬಂದ ದಿನ ಕಂತು ಕಟ್ಟುವ ಖಾತೆಯನ್ನು ಬದಲಿಸುವ ಹಾಗೆಯೇ ವಿಮಾ ಏಜೆಂಟ್‌ಗೂ ಹೊಸ ಮಾರ್ಟ್‌ಗೇಜಿ ಕ್ಲಾಸ್ ಮತ್ತು ಹೊಸ ಲೋನ್ ಸಂಖ್ಯೆ ಕಳಿಸಿ. ಇಲ್ಲದಿದ್ದರೆ ಮುಂದಿನ ವರ್ಷದ ಬಿಲ್ ಹಳೆಯ ಕಂಪನಿಯ ವಿಳಾಸಕ್ಕೆ ಹೋಗುತ್ತದೆ, ಎಸ್ಕ್ರೋದಲ್ಲಿ ಹಣವಿದ್ದರೂ ಕಟ್ಟುವವರಿರುವುದಿಲ್ಲ.